“ಹೆಸರು ಇಂಗ್ಲಿಷಲ್ಲೇ ಹಾಕು” ಅನ್ನೋರಿಗೆ

ತುಂಬಾ ದಿನದಿಂದ ಬರೀಬೇಕು ಬರೀಬೇಕು ಅಂದ್ಕೊಂಡು ಮುಂದಕ್ಕೆ ತಳ್ಳುತ್ತಾ ಬಂದಿದ್ದ ವಿಷಯ ಇದು. ಆಫೀಸು, ಡೆಡ್‌ಲೈನು, ಟ್ರಾಫಿಕ್ಕು... ಸಬೂಬುಗಳಿಗೇನು ಬರ? ಆದರೆ ಹೋದ ತಿಂಗಳು ಊರಿಗೆ ಹೋಗಿದ್ದಾಗ ಒಂದು ಮಾತು ಕೇಳಿ ಎಷ್ಟು ಸಿಟ್ಟು ಬಂತು ಅಂದ್ರೆ, ವಾಪಸ್ ಬರೋ ಬಸ್ಸಲ್ಲೇ ಅರ್ಧ ಬರೆದು ಮುಗಿಸಿದೆ. ಸಿಟ್ಟಲ್ಲಿ ಬರೆದದ್ದು, ಹಾಗಾಗಿ ಒಂದೆರಡು ಕಡೆ ಖಾರ ಜಾಸ್ತಿ ಆಗಿದ್ರೆ ಅಡ್ಜಸ್ಟ್ ಮಾಡ್ಕೊಳ್ಳಿ :-)

ನಮ್ಮೂರು ತಗಡೂರು, ನಂಜನಗೂಡು ತಾಲ್ಲೂಕು. ಸ್ವಾತಂತ್ರ್ಯ ಹೋರಾಟದ ಬಗ್ಗೆ ಓದಿದವರಿಗೆ ತಗಡೂರು ರಾಮಚಂದ್ರರಾಯರ ಹೆಸರಿನಿಂದ, ಅವರ ಖಾದಿ ಕೆಲಸದಿಂದ ಊರು ಗೊತ್ತಿರುತ್ತೆ. ಉಳಿದವರು “ಏನು, ತಗಡಾ?” ಅಂತ ಕೇಳಿ ನಗ್ತಾರೆ. ನಗಲಿ ಬಿಡಿ. ಆ ನಗೋರು ಇಂಗ್ಲಿಷ್ ಬೋರ್ಡ್ ನೋಡಿ ಊರಿನ ಹೆಸರನ್ನ ‘ಟಗದೂರು’ ಅಂತ ಓದ್ತಾರಲ್ಲ, ಅದಕ್ಕಿಂತ ಪರವಾಗಿಲ್ಲ.

ನಮ್ಮ ಬೀದಿಯಲ್ಲಿ ಡಿಪ್ಲೊಮಾ ಓದೋ ಹುಡುಗ ಒಬ್ಬ ಇದ್ದಾನೆ. ಅವನ ಮಾವನದು ದಿನಸಿ ಅಂಗಡಿ. ಮಾವನಿಗೆ ಉದ್ರಿ ಲೆಕ್ಕ ಇಡೋಕೆ ಒಂದು ಪ್ರೋಗ್ರಾಮ್ ಮಾಡಿಕೊಡ್ತೀನಿ ಅಂತ ಹೊರಟಿದ್ದಾನೆ. ಪ್ರಾಜೆಕ್ಟ್ ರಿಪೋರ್ಟಿಗೂ ಆಯ್ತು, ಮಾವನಿಗೂ ಆಯ್ತು. ಸಿ ಶಾರ್ಪ್‌ನಲ್ಲಿ ಚೆಂದದ ಒಂದು ಫಾರಂ ಮಾಡಿದ್ದ, ಹಿಂದೆ ಎಸ್‌ಕ್ಯೂಎಲ್ ಸರ್ವರ್. ಗಿರಾಕಿ ಹೆಸರು, ಊರು, ಎಷ್ಟು ಬಾಕಿ, ಯಾವತ್ತು ಕೊಟ್ರು. ಕನ್ನಡದಲ್ಲಿ ಟೈಪ್ ಮಾಡಿದ್ರೆ ಪೆಟ್ಟಿಗೆಯಲ್ಲಿ ಮುತ್ತಿನ ಹಾಗೆ ಕಾಣುತ್ತೆ. ಸೇವ್ ಮಾಡಿ ಮತ್ತೆ ತೆಗೆದ್ರೆ ಊರಿನ ಹೆಸರಿನ ಜಾಗದಲ್ಲಿ ಸಾಲಾಗಿ ಪ್ರಶ್ನಾರ್ಥಕ ಚಿಹ್ನೆ: ??????

ಅವನ ಮೇಷ್ಟ್ರನ್ನ ಕೇಳಿದ್ದಾನೆ. ಮೇಷ್ಟ್ರು ಎರಡು ಸೆಕೆಂಡ್ ನೋಡಿ ಹೇಳಿದ್ದು: “ಕನ್ನಡ ಎಲ್ಲಾ ಸಪೋರ್ಟ್ ಆಗಲ್ಲ ಕಣೋ, ಹೆಸರು ಇಂಗ್ಲಿಷಲ್ಲೇ ಹಾಕು.”

ಇದೇ ಆ ಮಾತು.

ಮೊದಲು ಒಂದು ತಪ್ಪೊಪ್ಪಿಗೆ. ಈ ಮಾತನ್ನ ನಾನೂ ಹೇಳಿದ್ದೀನಿ. ಇಂಜಿನಿಯರಿಂಗ್ ಮೂರನೇ ವರ್ಷದಲ್ಲಿದ್ದಾಗ, 2018ರಲ್ಲಿ, ನಮ್ಮ ಅಪ್ಪನ ಅಂಗಡಿಗೂ ನಾನು ಇಂಥದ್ದೇ ಒಂದು ಪ್ರೋಗ್ರಾಮ್ ಬರೆದಿದ್ದೆ. ಅದೇ ಪ್ರಶ್ನಾರ್ಥಕ ಚಿಹ್ನೆ ನನಗೂ ಬಂತು. ನಾನೂ ಒಂದು ದಿನ ಒದ್ದಾಡಿ, “ಅಪ್ಪಾ, ಹೆಸರು ಇಂಗ್ಲಿಷಲ್ಲೇ ಇರಲಿ, ಕಂಪ್ಯೂಟರ್ ಅಂದ್ರೆ ಹಂಗೇ” ಅಂದೆ. ಓದಿದ ಮಗ ಹೇಳಿದ ಮೇಲೆ ಮುಗೀತಲ್ಲ? ಮಧ್ಯಾಹ್ನ ಅಂಗಡಿಯಲ್ಲಿ ಕೂರೋದು ಅಮ್ಮ. ಅಮ್ಮನಿಗೆ ಇಂಗ್ಲಿಷ್ ಬರಲ್ಲ. ಹಾಗಾಗಿ ಅಮ್ಮ ಚೀಟಿಯಲ್ಲಿ ಬರೆದಿಡೋದು, ಶನಿವಾರ ನಾನು ಬಂದು ಇಂಗ್ಲಿಷಲ್ಲಿ ಏರಿಸೋದು.

ನಮ್ಮಲ್ಲಿ ಉದ್ರಿ ತಗೊಳ್ತಿದ್ದ ಇಬ್ಬರು ಹೆಂಗಸರು. ಒಬ್ಬರ ಹೆಸರು ಮಾಳಮ್ಮ, ಇನ್ನೊಬ್ಬರದು ಮಲ್ಲಮ್ಮ ಅಂತ ಇಟ್ಕೊಳ್ಳಿ. ಕನ್ನಡದಲ್ಲಿ ಬರೆದ್ರೆ ಎರಡನೇ ಕ್ಲಾಸಿನ ಮಗುವೂ ಇವೆರಡನ್ನ ಬೆರೆಸಲ್ಲ. ಒಂದರಲ್ಲಿ ದೀರ್ಘ ಇದೆ, ಳ ಇದೆ. ಇನ್ನೊಂದರಲ್ಲಿ ಹ್ರಸ್ವ, ಲಕಾರದ ಒತ್ತು. ಇಂಗ್ಲಿಷಲ್ಲಿ? ಒಂದು ‘ಎಲ್’ ಹೆಚ್ಚು ಕಮ್ಮಿ, ಅಷ್ಟೇ. ಪಟ್ಟಿಯಲ್ಲಿ ಎರಡೂ ಒಂದರ ಕೆಳಗೆ ಒಂದು. ಶನಿವಾರ ಸಂಜೆ ಆತುರದಲ್ಲಿ ನಾನು 840 ರೂಪಾಯಿ ಬಾಕಿಯನ್ನ ಒಂದು ಸಾಲು ಮೇಲೆ ಏರಿಸಿದೆ.

ಆಮೇಲೆ ಆದದ್ದನ್ನ ನೆನೆಸಿಕೊಂಡ್ರೆ ಈಗಲೂ ಹೊಟ್ಟೆಯಲ್ಲಿ ಒಂಥರಾ ಆಗುತ್ತೆ. ಮಾಳಮ್ಮನಿಗೆ ವಯಸ್ಸಾಗಿದೆ, ಒಬ್ಬರೇ ಇರೋದು. “ನಿಮ್ಮದು ಇಷ್ಟು ಬಾಕಿ ಇದೆ” ಅಂದಾಗ ಆಯಮ್ಮ ಒಂದು ಸಲ “ಅಷ್ಟಾಯ್ತಾ ಮಗಾ?” ಅಂದ್ರಂತೆ. “ಕಂಪ್ಯೂಟ್ರಲ್ಲಿ ಅದೆ ಕಣವ್ವ” ಅಂದ್ರು ಅಪ್ಪ. ಅಷ್ಟೇ. ಎರಡು ಕಂತಲ್ಲಿ ಕೊಟ್ಟು ಹೋದ್ರು, ತಕರಾರಿಲ್ಲ. ಚೀಟಿಯಲ್ಲಿ ಇದ್ದಿದ್ರೆ “ತೋರ್ಸು ನೋಡಾನ” ಅಂದಿರೋರು. ಅವರಿಗೂ ಅಮ್ಮನ ಕೈಬರಹ ಓದೋಕೆ ಬರುತ್ತೆ. ಪರದೆ ಮೇಲಿನ ಇಂಗ್ಲಿಷನ್ನ ಏನಂತ ಪ್ರಶ್ನೆ ಮಾಡೋದು? ಸುಮಾರು ಎರಡು ತಿಂಗಳಾದ ಮೇಲೆ ಆ ಇನ್ನೊಬ್ಬ ಮಲ್ಲಮ್ಮ ಬಂದು, “ನನ್ದು ಎಂಟ್ನೂರ ನಲವತ್ತು ಇರಬೇಕಲ್ಲ, ತಗಳಿ” ಅಂತ ತಾವಾಗೇ ದುಡ್ಡು ಕೊಟ್ಟಾಗ ವಿಷಯ ಬೆಳಕಿಗೆ ಬಂದಿದ್ದು. ಅಮ್ಮ ಅವತ್ತೇ ಸಂಜೆ ಮಾಳಮ್ಮನ ಮನೆಗೆ ನಡ್ಕೊಂಡು ಹೋಗಿ ದುಡ್ಡು ವಾಪಸ್ ಕೊಟ್ಟು ಬಂದ್ರು. ನನಗೇನೂ ಬೈಲಿಲ್ಲ. ಮಾರನೇ ದಿನ ಕೆಂಪು ರಟ್ಟಿನ ಲೆಕ್ಕದ ಪುಸ್ತಕ ಮತ್ತೆ ಗಲ್ಲಾ ಪಕ್ಕ ಬಂದು ಕೂತಿತ್ತು. ನನ್ನ ಪ್ರೋಗ್ರಾಮಿನ ಕಥೆ ಅಲ್ಲಿಗೆ ಮುಗೀತು.

ಈಗ ಅದೇ ಉತ್ತರ ಇನ್ನೊಬ್ಬ ಹುಡುಗನಿಗೆ ಸಿಕ್ಕಿದೆ. ಏಳೆಂಟು ವರ್ಷ ಆದ ಮೇಲೆ! ಇಷ್ಟೊಂದು ವರ್ಷದಲ್ಲಿ ಉತ್ತರ ಒಂದಿಂಚೂ ಸುಧಾರಿಸಿಲ್ಲ ಅಂದ್ರೆ ಸಿಟ್ಟು ಬರಲ್ವೇ?

“ಕನ್ನಡ ಸಪೋರ್ಟ್ ಆಗಲ್ಲ” ಅನ್ನೋದು ಶುದ್ಧ ಸುಳ್ಳು. ಕನ್ನಡ ಯುನಿಕೋಡಿನ ಮೊದಲ ಆವೃತ್ತಿಯಲ್ಲೇ ಇತ್ತು, ಅದು ಬಂದಿದ್ದು 1991ರಲ್ಲಿ. ಅಂದ್ರೆ ನಾನು ಹುಟ್ಟೋಕೂ ಮುಂಚೆ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿ ತುಂಗಾ ಅನ್ನೋ ಫಾಂಟ್ ಸಮೇತ ಕನ್ನಡ ತೋರಿಸ್ತಿತ್ತು. ಭೂಮಿ ಯೋಜನೆಯಲ್ಲಿ ಸುಮಾರು 2 ಕೋಟಿ ಪಹಣಿಗಳನ್ನ ಕನ್ನಡದಲ್ಲೇ ಕಂಪ್ಯೂಟರಿಗೆ ಏರಿಸಿ, 177 ತಾಲ್ಲೂಕು ಕಚೇರಿಗಳಿಂದ ಮುದ್ರಿಸಿ ಕೊಡೋಕೆ ಶುರು ಮಾಡಿದ್ದು 2000ದ ದಶಕದ ಆರಂಭದಲ್ಲಿ. ನಮ್ಮ ತಾತನ ಹೆಸರು ನಂಜನಗೂಡು ತಾಲ್ಲೂಕು ಕಚೇರಿ ಕಂಪ್ಯೂಟರಲ್ಲಿ ಕನ್ನಡದಲ್ಲಿ ಇರಬಹುದು, ಆದರೆ ನಮ್ಮಪ್ಪನ ಅಂಗಡಿ ಕಂಪ್ಯೂಟರಲ್ಲಿ ಇರೋಕಾಗಲ್ಲ. ಇದ್ಯಾವ ನ್ಯಾಯ?

ನಿಜ ಏನಂದ್ರೆ, ಮೇಷ್ಟ್ರಿಗೆ ಗೊತ್ತಿಲ್ಲ. ಗೊತ್ತಿಲ್ಲದಿರೋದು ತಪ್ಪಲ್ಲ, ನನಗೂ ಗೊತ್ತಿರಲಿಲ್ಲ. ‘ಗೊತ್ತಿಲ್ಲ’ ಅನ್ನೋದನ್ನ ‘ಆಗಲ್ಲ’ ಅಂತ ಅನುವಾದ ಮಾಡೋದು ತಪ್ಪು. ಹೊಸದಾಗಿ ಕಲಿಯೋ ಹುಡುಗನಿಗೆ ಇವೆರಡರ ವ್ಯತ್ಯಾಸ ತಿಳಿಯಲ್ಲ. ಅವನು ಅದನ್ನ ಪ್ರಕೃತಿ ನಿಯಮ ಅಂತಲೇ ನಂಬ್ತಾನೆ.

ಫಾರಂ ಹೆಪ್ಪುಗಟ್ಟಿ ನಿಂತ್ರೆ ಏನು ಮಾಡಬೇಕು, ಖಾಲಿ ಆಬ್ಜೆಕ್ಟ್ ಮುಟ್ಟಿ ಪ್ರೋಗ್ರಾಮ್ ಬಿದ್ದು ಹೋದ್ರೆ ಏನು, ಬೇರೆ ಕಂಪ್ಯೂಟರಿಗೆ ಹಾಕಿದ್ರೆ ಡೇಟಾಬೇಸ್ ಯಾಕೆ ಸಿಗಲ್ಲ... ಇದಕ್ಕೆಲ್ಲ ಸಾವಿರ ಕಡೆ ಉತ್ತರ ಇದೆ. ಯಾರೋ ಬ್ರೆಜಿಲ್‌ನವನಿಗೂ ಅದೇ ತೊಂದರೆ ಬಂದಿರುತ್ತೆ, ಅವನು ಕೇಳಿರ್ತಾನೆ, ಇವನು ಓದಿಕೊಳ್ಳಬಹುದು. ಆದರೆ ಮಾಳಮ್ಮನ ಹೆಸರು ಸೇವ್ ಆಗೋದು ಹೇಗೆ ಅಂತ ಬ್ರೆಜಿಲ್‌ನವನು ಯಾಕೆ ಕೇಳ್ತಾನೆ? ಅದನ್ನ ನಾವೇ ಹೇಳಿಕೊಡಬೇಕು. ಹಾಗಾಗಿ ಹೇಳ್ತೀನಿ, ಕೇಳಿಸ್ಕೊಳ್ಳಿ.

ಹಳೇ ಕಾಲದ ಡಾಕ್ಟರು ಮೊದಲು ನಾಲಿಗೆ ಚಾಚು ಅಂತಿದ್ರಲ್ಲ, ಹಾಗೆ ಕನ್ನಡ ಕೆಟ್ಟಾಗ ಪರದೆ ಮೇಲೆ ಏನು ಕಾಣುತ್ತೆ ಅನ್ನೋದನ್ನ ಮೊದಲು ನೋಡಿ. ಅದೇ ಅರ್ಧ ರೋಗ ಹೇಳಿಬಿಡುತ್ತೆ. ಪ್ರಶ್ನಾರ್ಥಕ ಚಿಹ್ನೆ ಅಂದ್ರೆ ಅಕ್ಷರ ಸತ್ತು ಹೋಗಿದೆ ಅಂತ. ದಾರಿಯಲ್ಲಿ ಎಲ್ಲೋ ಒಂದು ಕಡೆ ಕನ್ನಡಕ್ಕೆ ಜಾಗವೇ ಇಲ್ಲದ ಇಕ್ಕಟ್ಟಾದ ಬಾಗಿಲಿನಿಂದ ತೂರಿಸಿದ್ದೀರಿ, ಅದು ಆಚೆ ಬರುವಾಗ ಬರೀ ಪ್ರಶ್ನೆಯಾಗಿ ಬಂದಿದೆ. ಇನ್ನು ಎಷ್ಟು ಫಾಂಟ್ ಬದಲಾಯಿಸಿದ್ರೂ ಅದು ವಾಪಸ್ ಬರಲ್ಲ. ನಮ್ಮ ಹುಡುಗ ಎರಡು ದಿನ ಫಾಂಟ್ ಬದಲಾಯಿಸ್ತಾ ಕೂತಿದ್ದ, ಪಾಪ. ಚೌಕಟ್ಟು ಡಬ್ಬಿ ಕಂಡ್ರೆ ಅಕ್ಷರ ಜೀವಂತ ಇದೆ, ಫಾಂಟಿನಲ್ಲಿ ಅದಕ್ಕೆ ಚಿತ್ರ ಇಲ್ಲ ಅಷ್ಟೇ. ವಿಂಡೋಸ್ 8ರಿಂದೀಚೆಗೆ ಬರೋ ನಿರ್ಮಲಾ ಯುಐ ಹಾಕಿದ್ರೆ ಸರಿಹೋಗುತ್ತೆ. ಇನ್ನು ಮೂರನೇದು ಕಲಸುಮೇಲೋಗರ: ತಲೆ ಮೇಲೆ ಗೀಟಿರೋ ಸಣ್ಣ ‘ಎ’, ಅದರ ಪಕ್ಕ ಗಣಿತದ ವರ್ಗದ ಪುಟ್ಟ 2 ಅಥವಾ ಘನದ ಪುಟ್ಟ 3, ಮತ್ತೆ ಅದೇ ‘ಎ’, ಮತ್ತೆ 2. ಇದನ್ನ ಕಂಡ್ರೆ ಖುಷಿ ಪಡಿ. ನಿಮ್ಮ ಕನ್ನಡ ಪೂರ್ತಿ ಸುರಕ್ಷಿತವಾಗಿದೆ, ಓದೋನು ತಪ್ಪು ಕನ್ನಡಕ ಹಾಕ್ಕೊಂಡಿದ್ದಾನೆ. ಯುಟಿಎಫ್-8ರಲ್ಲಿ ಕನ್ನಡದ ಒಂದೊಂದು ಚಿಹ್ನೆಗೂ 3 ಬೈಟ್, ಆ ಮೂರನ್ನೂ ಬೇರೆ ಬೇರೆ ಅಕ್ಷರ ಅಂದ್ಕೊಂಡು ಓದಿದಾಗ ಹೀಗಾಗೋದು. ಸಿಎಸ್‌ವಿ ಕಡತವನ್ನ ಎಕ್ಸೆಲ್‌ನಲ್ಲಿ ಡಬಲ್ ಕ್ಲಿಕ್ ಮಾಡಿ ತೆರೆದಾಗ ಆಗೋದು ಇದೇ. ಕಡತ ಬರೆಯುವಾಗ ತಲೆಯಲ್ಲಿ ಬಿಓಎಂ ಅನ್ನೋ ಗುರುತು ಹಾಕಿ, ಎಕ್ಸೆಲ್‌ಗೆ ಗೊತ್ತಾಗುತ್ತೆ.

ಹುಡುಗನ ಪ್ರಶ್ನಾರ್ಥಕಕ್ಕೆ ಕಾರಣ ಎರಡು. ಟೇಬಲ್ ಮಾಡುವಾಗ ಹೆಸರಿನ ಕಾಲಂಗೆ ವಾರ್‌ಚಾರ್ ಅಂತ ಕೊಟ್ಟಿದ್ದ, ಮುಂದೆ ಒಂದು ‘ಎನ್’ ಸೇರಿಸಿ ಎನ್‌ವಾರ್‌ಚಾರ್ ಅಂತ ಕೊಡಬೇಕಿತ್ತು. ಅದನ್ನ ಸರಿ ಮಾಡಿದ್ರೂ ಪ್ರಶ್ನೆ ಹೋಗಲಿಲ್ಲ, ಯಾಕಂದ್ರೆ ಇನ್ಸರ್ಟ್ ವಾಕ್ಯವನ್ನ ಉದ್ಧರಣ ಚಿಹ್ನೆ ಹಾಕಿ ತುಂಡು ತುಂಡು ಅಂಟಿಸಿ ಮಾಡಿದ್ದ. ಅಲ್ಲೂ ಉದ್ಧರಣದ ಮುಂದೆ ಒಂದು ‘ಎನ್’ ಬೇಕು. ಅದಕ್ಕಿಂತ ಒಳ್ಳೇದು ಅಂಟಿಸೋ ಕೆಲಸವನ್ನೇ ಬಿಟ್ಟು ಪ್ಯಾರಾಮೀಟರ್ ಬಳಸೋದು. ಕನ್ನಡವೂ ಉಳಿಯುತ್ತೆ, ನಾಳೆ ಯಾರೋ ತರಲೆ ಹೆಸರಿನ ಜಾಗದಲ್ಲಿ ಡಿಲೀಟ್ ಕಮ್ಯಾಂಡ್ ಟೈಪ್ ಮಾಡಿದ್ರೆ ಟೇಬಲ್ಲೂ ಉಳಿಯುತ್ತೆ. ಎಷ್ಟು ಹೊತ್ತಿನ ಕೆಲಸ? ಟೀ ಆರೋದ್ರೊಳಗೆ ಮುಗೀತು. ಎರಡು ‘ಎನ್’ ಗೊತ್ತಿಲ್ಲದ್ದಕ್ಕೆ ಒಂದು ಅಂಗಡಿಯ ಲೆಕ್ಕವನ್ನೇ ಬೇರೆ ಭಾಷೆಗೆ ಬದಲಾಯಿಸೋಕೆ ಹೊರಟಿದ್ರು!

ಆದರೆ ನನಗೆ ಮುಖ್ಯ ಅನ್ನಿಸಿದ್ದು ಎನ್ ಅಲ್ಲ. ಹುಡುಗ ಒಂದು ಪ್ರಶ್ನೆ ಕೇಳಿದ: “ಅಣ್ಣಾ, ತಗಡೂರು ಅಂತ ನಾಲ್ಕಕ್ಷರ ಹಾಕಿದ್ರೆ ಆರು ಪ್ರಶ್ನೆ ಯಾಕೆ ಬಂತು?”

ಇಂಥ ಒಂದು ಪ್ರಶ್ನೆಗಾಗಿ ಮೇಷ್ಟ್ರುಗಳು ಜೀವಮಾನ ಕಾಯಬೇಕು, ಗೊತ್ತಾ? ‘ತಗಡೂರು’ ಅನ್ನೋದು ಕಂಪ್ಯೂಟರಿನೊಳಗೆ ತ, ಗ, ಡ, ಊಕಾರದ ಚಿಹ್ನೆ, ರ, ಉಕಾರದ ಚಿಹ್ನೆ. ಆರು. ನಮ್ಮ ಕಣ್ಣಿಗೆ ನಾಲ್ಕು. ಇದೊಂದು ತಿಳಿದ್ರೆ ಮುಂದಿನ ಅರ್ಧ ತೊಂದರೆ ತಾನಾಗೇ ಬಿಡಿಸಿಕೊಳ್ಳುತ್ತೆ. ಪಿಯುಸಿಯಲ್ಲಿ ನಾವೆಲ್ಲ ಬರೆದ ಆ ಪ್ರೋಗ್ರಾಮ್ ನೆನಪಿದೆಯಾ, ಪದ ತಿರುಗಿಸಿ ಪ್ಯಾಲಿಂಡ್ರೋಮ್ ಹೌದೋ ಅಲ್ಲವೋ ಹೇಳೋದು? ಟರ್ಬೊ ಸಿ ನೀಲಿ ಪರದೆಯಲ್ಲಿ ‘ಮೇಡಂ’ ಅಂತ ಇಂಗ್ಲಿಷಲ್ಲಿ ಕೊಟ್ಟು ಸಂತೋಷ ಪಡ್ತಿದ್ವಿ. ಅದಕ್ಕೆ ‘ವಿಕಟಕವಿ’ ಕೊಟ್ಟು ನೋಡಿ. ಟರ್ಬೊ ಸಿ ಬೇಡ, ಅದಕ್ಕೆ ಕನ್ನಡ ಅಂದ್ರೇನೇ ಗೊತ್ತಿಲ್ಲ. ಇವತ್ತಿನ ಪೈಥಾನ್‌ಗೇ ಕೊಡಿ. ‘ಅಲ್ಲ’ ಅನ್ನುತ್ತೆ! ತೆನಾಲಿ ರಾಮನಿಗೇ ಅವಮಾನ. ‘ಕನಕ’ ಕೊಟ್ರೆ ಹೌದು ಅನ್ನುತ್ತೆ, ‘ಸರಸ’ ಕೊಟ್ರೆ ಹೌದು. ‘ಕಿಟಕಿ’ ಕೊಟ್ರೆ ಅಲ್ಲ. ಕಿಟಕಿ ಅಂದ್ರೆ ವಿಂಡೋ ಕಣ್ರೀ, ಡೆಸ್ಕ್‌ಟಾಪ್ ಪ್ರೋಗ್ರಾಮಿಂಗ್ ಕಲಿಯೋನಿಗೆ ಇದಕ್ಕಿಂತ ಒಳ್ಳೆ ಮೊದಲ ಪದ ಬೇಕಾ? ತಿರುಗಿಸಿದಾಗ ಇಕಾರದ ಚಿಹ್ನೆ ಮುಂದೆ ಬಂದು, ಹತ್ತಿಕೊಳ್ಳೋಕೆ ವ್ಯಂಜನ ಇಲ್ಲದೆ, ಚುಕ್ಕಿ ಚುಕ್ಕಿ ವೃತ್ತದ ಮೇಲೆ ಅನಾಥವಾಗಿ ಕೂರುತ್ತೆ. ಆ ಚುಕ್ಕಿ ವೃತ್ತ ಎಲ್ಲಿ ಕಂಡ್ರೂ ಅರ್ಥ ಒಂದೇ, ಯಾರೋ ಅಕ್ಷರದ ಮಧ್ಯಕ್ಕೆ ಕತ್ತರಿ ಹಾಕಿದ್ದಾರೆ.

ಇಲ್ಲಿ ಒಂದು ಆಕ್ಷೇಪ ಬರುತ್ತೆ, ನನಗೆ ಗೊತ್ತು. “ಬಿಗಿನರ್‌ಗಳಿಗೆ ಇದೆಲ್ಲ ಹೇಳಿದ್ರೆ ತಲೆ ಕೆಡುತ್ತೆ, ಮೊದಲು ಬೇಸಿಕ್ಸ್ ಕಲೀಲಿ, ಯುನಿಕೋಡ್ ಆಮೇಲೆ.” ನನ್ನ ಜೊತೆ ಕೆಲಸ ಮಾಡೋ ಒಳ್ಳೊಳ್ಳೆ ಇಂಜಿನಿಯರ್‌ಗಳೇ ಇದನ್ನ ಹೇಳ್ತಾರೆ. ಸ್ವಾಮಿ, ಎರಡನೇ ಕ್ಲಾಸಿನ ಮಗು ಸ್ಲೇಟು ಹಿಡಿದು ಏನು ಕಲಿಯುತ್ತೆ? ಕಾಗುಣಿತ. ಕ ಬರೆದು ಗುಡಿಸು ಕೊಟ್ರೆ ಕಿ, ಕೊಂಬು ಕೊಟ್ರೆ ಕು, ಒತ್ತು ಕೊಟ್ರೆ ಕ್ಕ. ಯುನಿಕೋಡ್ ಕನ್ನಡವನ್ನ ಇಟ್ಟುಕೊಳ್ಳೋದು ಹೆಚ್ಚುಕಡಿಮೆ ಹೀಗೇ: ವ್ಯಂಜನ, ಆಮೇಲೆ ಅದಕ್ಕೆ ಕೊಟ್ಟ ಚಿಹ್ನೆ. ‘ಸೂರ್ಯ’ದಲ್ಲಿ ಅರ್ಕಾವತ್ತು ಕಣ್ಣಿಗೆ ಕೊನೆಯಲ್ಲಿ ಕಾಣುತ್ತೆ, ಆದರೆ ಒಳಗೆ ರಕಾರ ಮೊದಲು, ಯಕಾರ ಆಮೇಲೆ, ನಾವು ಬಾಯಲ್ಲಿ ಹೇಳೋ ಕ್ರಮವೇ. ಒಬ್ಬ ಅಮೆರಿಕದ ಹುಡುಗನಿಗೆ ಇದನ್ನ ಹೊಸದಾಗಿ ಕಲಿಸಬೇಕು. ನಮ್ಮ ಹುಡುಗರು ಏಳನೇ ವಯಸ್ಸಿಗೇ ಕಲಿತು ಬಂದಿರ್ತಾರೆ. ಕೈಯಲ್ಲಿ ಇರೋ ಜ್ಞಾನವನ್ನ ಬಾಗಿಲಲ್ಲೇ ಬಿಟ್ಟು ಒಳಗೆ ಬಾ ಅಂತೀವಿ, ಆಮೇಲೆ “ಹಳ್ಳಿ ಹುಡುಗರಿಗೆ ಬೇಸಿಕ್ಸ್ ವೀಕು” ಅಂತ ನಾವೇ ಷರಾ ಬರೀತೀವಿ.

‘ಸಿದ್ದಲಿಂಗಸ್ವಾಮಿ’ ತಗೊಳ್ಳಿ, ನಮ್ಮ ಕಡೆ ಬೀದಿಗೊಬ್ಬರು ಇದ್ದಾರೆ. ಕಣ್ಣಿಗೆ 6 ಅಕ್ಷರ. ಸ್ಟ್ರಿಂಗ್ ಉದ್ದ ಕೇಳಿದ್ರೆ 15 ಅನ್ನುತ್ತೆ. ಯುಟಿಎಫ್-8ರಲ್ಲಿ ಬೈಟ್ ಲೆಕ್ಕ ಹಾಕಿದ್ರೆ 45. ಬೈಟಿನಲ್ಲಿ ಅಳೆಯೋ ಡೇಟಾಬೇಸಿನಲ್ಲಿ ಹೆಸರಿಗೆ 20 ಸಾಕು ಅಂತ ಇಟ್ಟವನು ಸ್ವಾಮಿಯನ್ನ ಲಿಂಗ ಬರೋ ಮುಂಚೆಯೇ ಕತ್ತರಿಸ್ತಾನೆ. ಅಕ್ಷರ ಎಣಿಸೋಕೆ ಡಾಟ್‌ನೆಟ್‌ನಲ್ಲಿ ಸ್ಟ್ರಿಂಗ್‌ಇನ್ಫೋ ಅಂತ ಒಂದು ಇದೆ, ಅದು ಗುಡಿಸು ಕೊಂಬುಗಳನ್ನ ಅದರ ವ್ಯಂಜನದ ಜೊತೆ ಸೇರಿಸಿ ಎಣಿಸುತ್ತೆ, ಕಿಟಕಿಗೆ ಸರಿಯಾಗಿ 3 ಅನ್ನುತ್ತೆ. ಒತ್ತಕ್ಷರ ಬಂದಾಗ ಅದನ್ನೂ ನಂಬಬೇಡಿ. ಹಲಂತದ ಚಿಹ್ನೆಯ ಹಿಂದೆಯೇ ವ್ಯಂಜನ ಬಂದ್ರೆ ಎರಡನ್ನೂ ಒಂದೇ ಅಂತ ಹಿಡಿಯೋ ನಾಲ್ಕು ಸಾಲು ನೀವೇ ಬರ್ಕೊಳ್ಳಿ, ಬರೆಯೋದರಲ್ಲೇ ಅರ್ಧ ಕಲಿತಿರ್ತೀರಿ.

ಅಕಾರಾದಿ ಜೋಡಣೆಯಲ್ಲೂ ಒಂದು ಮಜಾ ಇದೆ. ನಮ್ಮ ತಾಲ್ಲೂಕಿನ ಎರಡು ಊರು: ಕಳಲೆ, ಕವಲಂದೆ. ನಮ್ಮ ವರ್ಣಮಾಲೆಯಲ್ಲಿ ಳ ಕೊನೆಗೆ, ಹ ಆದ ಮೇಲೆ. ಹಾಗಾಗಿ ಕವಲಂದೆ ಮೊದಲು, ಕಳಲೆ ಆಮೇಲೆ ಬರಬೇಕು. ಯುನಿಕೋಡಿನ ಸಂಖ್ಯೆಯಲ್ಲಿ ಳ ಕೂತಿರೋದು ಲಕಾರದ ಪಕ್ಕದಲ್ಲಿ, ವಕಾರಕ್ಕಿಂತ ಮುಂಚೆ. ಸುಮ್ನೆ ಕೋಡ್ ಸಂಖ್ಯೆ ಹೋಲಿಸಿ ಜೋಡಿಸಿದ್ರೆ ಕಳಲೆ ಮುಂದೆ ಬಂದು ಕೂರುತ್ತೆ. ಜೋಡಿಸುವಾಗ ಇದು ಕನ್ನಡ ಅಂತ ಲೊಕೇಲ್ ಹೇಳಿ, ಅದರ ನಿಯಮದಂತೆ ಹೋಲಿಸು ಅನ್ನಬೇಕು. ಇದನ್ನ ಸಣ್ಣದು ಅನ್ನಬೇಡಿ. ಪಟ್ಟಿಯಲ್ಲಿ ಹೆಸರು ಇರಬೇಕಾದ ಕಡೆ ಇಲ್ಲದಿದ್ರೆ ಜನ ‘ಇಲ್ಲ’ ಅಂದ್ಕೊಂಡು ಇನ್ನೊಂದು ಸಲ ಸೇರಿಸ್ತಾರೆ. ಒಬ್ಬನಿಗೆ ಎರಡು ಖಾತೆ, ಒಂದರಲ್ಲಿ ಬಾಕಿ, ಒಂದರಲ್ಲಿ ಜಮಾ. ಹುಡುಕಾಟದಲ್ಲೂ ಇದೇ ಪಾಡು. ‘ರಾಜ್‌ಕುಮಾರ್’ ಅಂತ ಒಬ್ಬ ಟೈಪ್ ಮಾಡುವಾಗ ಜ ಒತ್ತಿಗೆ ಹೋಗದ ಹಾಗೆ ನಡುವೆ ಕಣ್ಣಿಗೆ ಕಾಣದ ಒಂದು ಚಿಹ್ನೆ ಹಾಕಿರ್ತಾನೆ, ಇನ್ನೊಬ್ಬ ಹಾಕದೆ ‘ರಾಜ್ಕುಮಾರ್’ ಅಂತ ಹುಡುಕ್ತಾನೆ. ಸಿಗಲ್ಲ. ಹುಡುಕೋಕೆ ಮುಂಚೆ ಎರಡೂ ಕಡೆಯಿಂದ ಆ ಅದೃಶ್ಯ ಚಿಹ್ನೆ ತೆಗೆದು ಹೋಲಿಸಿ.

ಅಂಕಿ ವಿಷಯ ಇನ್ನೂ ತಮಾಷೆ. ಹುಡುಗನ ಅತ್ತೆ ಕನ್ನಡ ಕೀಲಿಮಣೆ ಹಾಗೇ ಇಟ್ಕೊಂಡು ಬಾಕಿಯ ಜಾಗದಲ್ಲಿ ೨೫೦ ಅಂತ ಹೊಡೆದ್ರು. ಪ್ರೋಗ್ರಾಮ್ ಮಕಾಡೆ ಬಿತ್ತು. ಅವನು ಹುಷಾರಾಗಿ, ಪ್ರತಿ ಅಕ್ಷರವೂ ಅಂಕಿ ಹೌದೋ ಅಲ್ಲವೋ ಅಂತ ಮೊದಲೇ ಪರೀಕ್ಷೆ ಮಾಡಿದ್ದ. ಆದರೆ ಸಿ ಶಾರ್ಪ್‌ನಲ್ಲಿ ‘ಇದು ಅಂಕಿಯೇ?’ ಅಂತ ಕೇಳಿದ್ರೆ ೨ಕ್ಕೂ ‘ಹೌದು’ ಅನ್ನುತ್ತೆ, ‘ಸರಿ, ಸಂಖ್ಯೆ ಮಾಡು’ ಅಂದ್ರೆ ‘ನನಗೆ ಇದು ಗೊತ್ತಿಲ್ಲ’ ಅನ್ನುತ್ತೆ. ಪೈಥಾನ್ ಆಗಿದ್ರೆ ಸುಮ್ನೆ 250 ಅಂತ ತಗೊಳ್ತಿತ್ತು. ಓದೋಕೆ ಮುಂಚೆ ಹತ್ತು ಅಂಕಿಗಳನ್ನ ಬದಲಾಯಿಸ್ಕೊಂಡ್ರೆ ಆಯ್ತು. ಅತ್ತೆಗೆ “ಅಲ್ಲಿ ಇಂಗ್ಲಿಷ್ ಅಂಕಿ ಹಾಕಿ” ಅಂತ ಬೈಯೋದು ಪರಿಹಾರ ಅಲ್ಲ.

ಇನ್ನೊಂದು ಪಂಗಡ ಇದೆ, ಅವರಿಗೂ ಎರಡು ಮಾತು. “ಇಂಗ್ಲಿಷಲ್ಲಿ ಹಾಕು ಬೇಡ, ನುಡಿಯಲ್ಲಿ ಹಾಕು” ಅನ್ನೋರು. ಹಳೇ ನುಡಿ, ಬರಹಗಳ ಫಾಂಟ್ ಬಳಸಿ ಇಂಗ್ಲಿಷ್ ಚಿಹ್ನೆಗಳ ಮೇಲೆ ಕನ್ನಡದ ಮುಖವಾಡ ಹಾಕೋದು. ಶೇಷಾದ್ರಿವಾಸು 1998ರಲ್ಲಿ ಬರಹ ಬಿಟ್ಟಾಗ, ಆಮೇಲೆ ಕನ್ನಡ ಗಣಕ ಪರಿಷತ್ತು ನುಡಿ ತಂದಾಗ ಬೇರೆ ದಾರಿಯೇ ಇರಲಿಲ್ಲ. ಅವರಿಗೆ ಕೈ ಮುಗೀತೀನಿ, ಅವರಿಲ್ಲದಿದ್ರೆ ಕಂಪ್ಯೂಟರಲ್ಲಿ ಕನ್ನಡ ಅನ್ನೋದೇ ಇರ್ತಿರಲಿಲ್ಲ. ವಿಷುವಲ್ ಬೇಸಿಕ್ 6ರ ಪಠ್ಯ ಪೆಟ್ಟಿಗೆಗೆ ಯುನಿಕೋಡ್ ತೋರಿಸೋ ಶಕ್ತಿಯೇ ಇರಲಿಲ್ಲ, ವಿಂಡೋಸಿನ ಹಳೇ ಪದ್ಧತಿಯಲ್ಲಿ ಕನ್ನಡಕ್ಕೆ ಕೋಡ್ ಪೇಜೂ ಇರಲಿಲ್ಲ. ಮುಖವಾಡವೇ ಗತಿ. ಆದರೆ ವಿಬಿ 6ರ ಅಭಿವೃದ್ಧಿ ಸಾಧನಕ್ಕೆ ಮೈಕ್ರೋಸಾಫ್ಟ್ 2008ರಲ್ಲೇ ಬೆಂಬಲ ನಿಲ್ಲಿಸಿತು. ಇವತ್ತಿಗೂ ಅದನ್ನೇ ಹೇಳಿಕೊಡೋ ತರಬೇತಿ ಕೇಂದ್ರಗಳನ್ನ ನಾನು ಕಣ್ಣಾರೆ ಕಂಡಿದ್ದೀನಿ, ಅಲ್ಲಿ ಕಲಿತವರು ಇವತ್ತಿಗೂ ಮುಖವಾಡ ಹಾಕ್ತಾನೇ ಇದ್ದಾರೆ. ಆ ಫಾಂಟ್ ತೆಗೆದು ನೋಡಿ, ‘ಕನ್ನಡ’ ಅನ್ನೋ ಪದದ ನಟ್ಟ ನಡುವೆ ಬ್ರಿಟಿಷರ ಪೌಂಡ್ ಚಿಹ್ನೆ ಕೂತಿರುತ್ತೆ! ಅದನ್ನ ಜೋಡಿಸೋಕೆ ಬರಲ್ಲ, ಹುಡುಕೋಕೆ ಬರಲ್ಲ, ಫೋನಿಗೆ ಕಳಿಸಿದ್ರೆ ಓದೋಕೂ ಬರಲ್ಲ.

ಮತ್ತೆ, ಪ್ರೋಗ್ರಾಮಿಂಗ್ ಭಾಷೆಯನ್ನೇ ಕನ್ನಡ ಮಾಡಬೇಕು ಅಂತ ನಾನು ಹೇಳ್ತಿಲ್ಲ. ಚಿಕ್ಕ ಮಕ್ಕಳಿಗೆ ಅದು ಚೆಂದ, ಡಾ. ಯು. ಬಿ. ಪವನಜ ಅವರು ಲೋಗೋ ಭಾಷೆಯನ್ನ ಕನ್ನಡಕ್ಕೆ ತಂದಿದ್ದು ನಿಜಕ್ಕೂ ದೊಡ್ಡ ಕೆಲಸ. ಆದರೆ ಡಿಪ್ಲೊಮಾ ಹುಡುಗನಿಗೆ ‘ಇಫ್’ ಅನ್ನೋದು ‘ಇಫ್’ ಆಗಿದ್ರೆ ಏನೂ ಕಷ್ಟ ಇಲ್ಲ. ಹತ್ತಿಪ್ಪತ್ತು ಪದ, ವಾರದಲ್ಲಿ ಬಾಯಿಪಾಠ. ಕೋಡು ಯಾವ ಭಾಷೆಯಲ್ಲಾದರೂ ಇರಲಿ. ಕೋಡು ಓದೋದು ಹುಡುಗ, ಪರದೆ ಓದೋದು ಅವನ ಅತ್ತೆ. ಇವೆರಡನ್ನ ಬೆರೆಸಿ ಜಗಳ ಆಡಿ ಆಡಿಯೇ ನಾವು ಇಪ್ಪತ್ತು ವರ್ಷ ಕಳೆದಿದ್ದೀವಿ.

“ಇದನ್ನ ಕಲಿತ್ರೆ ಕೆಲಸ ಸಿಗುತ್ತಾ?” ಅಂತಾನೂ ಕೇಳ್ತಾರೆ. ಕೆಲವು ವರ್ಷದ ಹಿಂದೆ ನಾನು ಕೆಲಸ ಮಾಡ್ತಿದ್ದ ಕಡೆ ವಿದೇಶದ ಗ್ರಾಹಕನೊಬ್ಬ ಹೆಸರಿನ ಜೊತೆ ಇಮೋಜಿ ಹಾಕಿದ್ದಕ್ಕೆ ರಾತ್ರಿ ರಿಪೋರ್ಟು ಕೆಟ್ಟು ಹೋಯ್ತು. ಹಳೇ ಮೈಎಸ್‌ಕ್ಯೂಎಲ್‌ನಲ್ಲಿ ‘ಯುಟಿಎಫ್-8’ ಅಂತ ಹೆಸರಿದ್ದ ಪದ್ಧತಿ ಒಂದು ಚಿಹ್ನೆಗೆ 3 ಬೈಟ್ ಮಾತ್ರ ಕೊಡ್ತಿತ್ತು, ಇಮೋಜಿಗೆ 4 ಬೇಕು. ದೊಡ್ಡ ದೊಡ್ಡ ಕಾಲೇಜಲ್ಲಿ ಓದಿದವರು ತಲೆ ಕೆರ್ಕೊಳ್ತಿದ್ರು. ನನಗೆ ಹೊಳೆದಿದ್ದು ಯಾಕೆ ಅಂದ್ರೆ, ಮಾಳಮ್ಮನ 840 ರೂಪಾಯಿ ಆದ ಮೇಲೆ ನಾನು ಹಟ ಹಿಡಿದು ಕೂತು ಇದನ್ನೆಲ್ಲ ಓದಿದ್ದೆ. ಇಮೋಜಿ ಮುರಿದಾಗ ಜಗತ್ತೆಲ್ಲ ಎದ್ದು ಕೂತು ರಿಪೇರಿ ಮಾಡಿತು. ಕನ್ನಡ ಮುರಿದಾಗ ಮಾತ್ರ “ಇಂಗ್ಲಿಷಲ್ಲಿ ಹಾಕು”. ನಗೋ ಹಳದಿ ಮುಖಕ್ಕಿರೋ ಮರ್ಯಾದೆ ನಮ್ಮ ಮಾಳಮ್ಮನ ಹೆಸರಿಗಿಲ್ಲ.

ಪಾಠ ಮಾಡೋರಲ್ಲಿ ನಾನು ಕೇಳೋದು ದೊಡ್ಡದೇನಲ್ಲ. ಸಿಲಬಸ್ ಬದಲಾಯಿಸೋಕೆ ಸಮಿತಿ ಬೇಡ, ಸುತ್ತೋಲೆ ಬೇಡ. ಲ್ಯಾಬಿನ ಮೊದಲ ವಾರ, ‘ಹಲೋ ವರ್ಲ್ಡ್’ ಆದ ತಕ್ಷಣ ಪ್ರತಿಯೊಬ್ಬನೂ ತನ್ನ ಊರಿನ ಹೆಸರನ್ನ ಕನ್ನಡದಲ್ಲಿ ಕೊಟ್ಟು ಅದರ ಉದ್ದ ಎಷ್ಟು ಅಂತ ಕೇಳಲಿ. ಆಮೇಲೆ ಕಡತಕ್ಕೆ ಬರೆದು ವಾಪಸ್ ಓದಲಿ. ನಂಜನಗೂಡಿನವನಿಗೆ 8 ಬರುತ್ತೆ, ತಗಡೂರಿನವನಿಗೆ 6. ಯಾಕೆ ಅಂತ ಅವರೇ ಕೇಳ್ತಾರೆ. ನಿಮಗೆ ಉತ್ತರ ಗೊತ್ತಿಲ್ಲದಿದ್ರೆ “ಗೊತ್ತಿಲ್ಲ, ನೋಡೋಣ ಬಾ” ಅನ್ನಿ. ನನಗೆ ಯಾರಾದ್ರೂ 2018ರಲ್ಲಿ ಅಷ್ಟು ಹೇಳಿದ್ರೆ ಸಾಕಿತ್ತು.

ಹುಡುಗನ ಪ್ರೋಗ್ರಾಮ್ ಈಗ ಮಾವನ ಅಂಗಡಿಯಲ್ಲಿ ಓಡ್ತಾ ಇದೆ. ಕೆಂಪು ಪುಸ್ತಕವನ್ನ ಅವರ ಅತ್ತೆ ಇನ್ನೂ ತೆಗೆದಿಟ್ಟಿಲ್ಲ, ಎರಡರಲ್ಲೂ ಬರೀತಾರೆ, ರಾತ್ರಿ ತಾಳೆ ನೋಡ್ತಾರೆ. ಒಳ್ಳೇದೇ. ನಿನ್ನೆ ಅವನ ಮೆಸೇಜ್ ಬಂತು: “ಅಣ್ಣಾ, ಬಿಲ್ ಪ್ರಿಂಟರ್ ತಂದೆ, ಹೆಸರಿನ ಜಾಗದಲ್ಲಿ ಏನೇನೋ ಬರ್ತಾ ಇದೆ.” ಆ ಪುಟಾಣಿ ಥರ್ಮಲ್ ಪ್ರಿಂಟರಿನ ಹೊಟ್ಟೆಯೊಳಗೆ ಕನ್ನಡದ ಅಚ್ಚು ಇರಲ್ಲ. ಕಂಡಕ್ಟರ್ ಕೈಯ ಯಂತ್ರ ಊರಿನ ಹೆಸರನ್ನ ಕನ್ನಡದಲ್ಲಿ ಮುದ್ರಿಸಿ ಟಿಕೆಟ್ ಹರಿದು ಕೊಡುತ್ತಲ್ಲ, ಹಾಗಾಗಿ ಆಗದ ಕೆಲಸ ಅಂತೂ ಅಲ್ಲ. ಬಿಲ್ಲನ್ನ ಅಕ್ಷರವಾಗಿ ಕಳಿಸಬೇಡ, ಮೊದಲು ಚಿತ್ರವಾಗಿ ಬರೆದು ಆ ಚಿತ್ರ ಕಳಿಸು ಅಂತ ಹೇಳಿದ್ದೀನಿ. ಖಾಲಿ ಜಾಗ ಎಣಿಸಿ ಕಾಲಂ ಹೊಂದಿಸೋ ಬದಲು ಪದದ ಅಗಲ ಅಳೆದು ಹೊಂದಿಸು ಅಂತಾನೂ. ಶನಿವಾರ ಬೆಳಗ್ಗೆ ಊರಿಗೆ ಹೊರಡ್ತಿದ್ದೀನಿ, ಪ್ರಿಂಟರಿನ ಕೇಬಲ್ ನನ್ನ ಹತ್ರಾನೇ ಇದೆ.